ಗ್ಯಾಸ್ ಕಿಟ್ ಇರೋ 1.2 ಪೆಟ್ರೋಲ್ ಕಾರಿಗೆ ಯಾವ ಸ್ಪಾರ್ಕ್ ಪ್ಲಗ್? ಮೂರು ಅಂಗಡಿ, ಮೂರು ನಂಬರ್ (ತುಮಕೂರು)

ಶಿರಾಗೇಟ್_ಸವಾರ

ಗಾಡಿ 2014ರ ಹ್ಯಾಚ್‌ಬ್ಯಾಕ್. 1.2 ಲೀಟರ್, ನಾಲ್ಕು ಸಿಲಿಂಡರ್, 16 ವಾಲ್ವ್, ಟರ್ಬೊ ಇಲ್ಲ. ಕಿಡಿಗೆ ಹೈ ವೋಲ್ಟೇಜ್ ಕೊಡೋ ಕಾಯಿಲ್ ಪ್ರತಿ ಪ್ಲಗ್ ಮೇಲೆ ಒಂದೊಂದು. ಸೀಕ್ವೆನ್ಷಿಯಲ್ ಸಿಎನ್‌ಜಿ ಕಿಟ್ ಆಮೇಲೆ ಹೊರಗೆ ಹಾಕಿಸಿದ್ದು. ಓಡಿರೋದು 78,000 ಕಿ.ಮೀ. ಈಗಿರೋ ಪ್ಲಗ್ ಸಾದಾ ನಿಕಲ್, 41,000ಕ್ಕೆ ಬದಲಾಯಿಸಿದ್ದು. ಕೈಪಿಡಿಯಲ್ಲಿ ಎನ್‌ಜಿಕೆ ಕಂಪನಿಯ ಬಿಕೆಆರ್6ಇ-11 ಅಂತಿದೆ, ಗ್ಯಾಪ್ (ಕಿಡಿ ಹಾರೋ ಸಂದು) 1.0ರಿಂದ 1.1 ಮಿ.ಮೀ.

ತೊಂದರೆ ಎರಡು. ಬೆಳಿಗ್ಗೆ ಸ್ಟಾರ್ಟ್ ಆದ ಮೇಲೆ ಒಂದೆರಡು ನಿಮಿಷ ಐಡ್ಲಿಂಗ್‌ನಲ್ಲಿ ಗಡಗಡ ಅನ್ನುತ್ತೆ, ಆಗ ಪೆಟ್ರೋಲ್‌ನಲ್ಲೇ ಇರುತ್ತೆ. ಬಿಸಿ ಆದ ಮೇಲೆ ಪೆಟ್ರೋಲ್‌ನಲ್ಲಿ ಏನೂ ತಕರಾರಿಲ್ಲ. ಗ್ಯಾಸಿಗೆ ಹಾಕಿ ದೇವರಾಯನದುರ್ಗದ ಏರು ಹತ್ತಿಸಿದ್ರೆ ಮೂರನೇ ಗೇರಲ್ಲಿ ಜಗ್ಗಿ ಜಗ್ಗಿ ಎಳೆಯುತ್ತೆ. ಚೆಕ್ ಇಂಜಿನ್ ಲೈಟ್ ಮಿನುಗಿ ಆರಿತು. ಸ್ಕ್ಯಾನರ್ ಪಿ0303 ಕೋಡ್ ತೋರಿಸ್ತು, ಅಂದ್ರೆ ಮೂರನೇ ಸಿಲಿಂಡರಲ್ಲಿ ಮಿಸ್ಸಿಂಗ್ (ಇಂಧನ ಸರಿಯಾಗಿ ಹೊತ್ತಿಕೊಳ್ಳದೆ ಹೋಗೋದು).

ನಾಲ್ಕೂ ಪ್ಲಗ್ ಬಿಚ್ಚಿ ನೋಡಿದ್ದು ಹೀಗಿದೆ. 1, 2, 4 ತಿಳಿ ಕಂದು, ಒಣ, ಗ್ಯಾಪ್ ಸುಮಾರು 1.3. ಮೂರನೇದರ ಥ್ರೆಡ್ ತುಂಬಾ ಎಣ್ಣೆ, ಮೂತಿ ಕಪ್ಪಗೆ ಹಸಿ. ನಾಲ್ಕರಲ್ಲೂ ಬಿಳಿ ಪಿಂಗಾಣಿಯ ಬುಡದಲ್ಲಿ, ಪಾನ ಕೂರೋ ಜಾಗದ ಸ್ವಲ್ಪ ಮೇಲೆ, ಕಂದು ಬಳೆ ಥರ ಕಲೆ.

ಬಿ.ಎಚ್. ರಸ್ತೆಯ ಮೂರು ಅಂಗಡಿಯಲ್ಲಿ ಕೇಳಿದ್ದಾಯ್ತು. ಒಬ್ರು ಊರೊಳಗಿನ ಓಡಾಟಕ್ಕೆ ಕೋಡಿನ 6ರ ಬದಲು 5 ಹಾಕಿ ಅಂದ್ರು. ಇನ್ನೊಬ್ರು ಗ್ಯಾಸಿಗೆ 7 ಬೇಕು ಅಂದ್ರು. ಮೂರನೆಯವರು ಇರಿಡಿಯಂ ಹಾಕಿಬಿಟ್ರೆ ಎಲ್ಲಾ ಸರಿ, ಮೈಲೇಜೂ ಬರುತ್ತೆ ಅಂದ್ರು. ಓಡಾಟ: ದಿನಾ ಶಿರಾಗೇಟ್‌ನಿಂದ ಬಟವಾಡಿಗೆ ಎರಡು ಸಲ ಹೋಗಿಬರೋದು, ವಾರಕ್ಕೊಮ್ಮೆ ಬೆಂಗಳೂರು. ಯಾವುದು ಹಾಕಲಿ?

ಕ್ಯಾತ್ಸಂದ್ರ_ಟಾರ್ಕ್

6ನ್ನೇ ಹಾಕಿ ಸರ್. ಸಾಕ್ಷಿ ನಿಮ್ಮ ಕೈಯಲ್ಲೇ ಇದೆ: ತಿಳಿ ಕಂದು ಬಣ್ಣದ ಮೂರು ಪ್ಲಗ್. 6 ತನಗೆ ಒಗ್ಗಿದೆ ಅಂತ ಎಂಜಿನ್ನೇ ಬರೆದುಕೊಟ್ಟ ಹಾಗೆ ಅದು. ಕೆಟ್ಟಿರೋದು ಒಂದೇ ಸಿಲಿಂಡರ್, ಅದಕ್ಕೋಸ್ಕರ ನಾಲ್ಕರ ನಂಬರ್ ಬದಲಾಯಿಸೋದು ಯಾವ ಲೆಕ್ಕ?

ಆ ನಂಬರ್ ಕಿಡಿಯ ಬಿಸಿಯ ಅಳತೆ ಅಲ್ಲ. ಮೂತಿಗೆ ಬಡಿದ ಶಾಖ ಎಷ್ಟು ಬೇಗ ಎಂಜಿನ್ ಹೆಡ್‌ಗೆ ಇಳಿದುಹೋಗುತ್ತೆ ಅನ್ನೋದರ ಅಳತೆ. ಒಳಗಿನ ಪಿಂಗಾಣಿ ಮೂತಿ ಉದ್ದ ಇದ್ರೆ ಶಾಖ ದೂರ ಸಾಗಬೇಕು, ಮೂತಿ ಬಿಸಿಯಾಗೇ ಉಳಿಯುತ್ತೆ. ಅದು ಹಾಟ್ ಪ್ಲಗ್. ಮೋಟು ಮೂತಿ ಇದ್ರೆ ಶಾಖ ಬೇಗ ಇಳಿಯುತ್ತೆ. ಅದು ಕೋಲ್ಡ್ ಪ್ಲಗ್. ಎನ್‌ಜಿಕೆ ಲೆಕ್ಕದಲ್ಲಿ ನಂಬರ್ ಏರಿದಷ್ಟೂ ಕೋಲ್ಡ್.

ಮೂತಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ಮುಟ್ಟಿದ್ರೆ ಮೇಲೆ ಕೂತ ಮಸಿ ತಾನೇ ಉರಿದು ಹೋಗುತ್ತೆ. 870ರ ಆಸುಪಾಸು ದಾಟಿದ್ರೆ ಮೂತಿಯೇ ಕೆಂಡವಾಗಿ, ಕಿಡಿ ಹಾರೋ ಮೊದಲೇ ಮಿಶ್ರಣ ಹೊತ್ತಿಕೊಳ್ಳುತ್ತೆ. ಪಿಸ್ಟನ್ ತೂತು ಬೀಳೋದು ಆಗಲೇ. ಈ ಎರಡರ ನಡುವೆ ಮೂತಿಯನ್ನ ಇಟ್ಟುಕೊಳ್ಳೋದೇ ನಂಬರಿನ ಕೆಲಸ. ಒಂದು ನಂಬರ್ ಆಚೀಚೆ ಆದ್ರೆ ಮೂತಿಯ ತಾಪ 70ರಿಂದ 100 ಡಿಗ್ರಿ ಬದಲಾಗುತ್ತೆ, ಕಡಿಮೆ ಏನಲ್ಲ.

5 ಅಂದವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಎರಡು ಮೂರು ಕಿ.ಮೀ. ಓಡಿಸಿ ಆಫ್ ಮಾಡ್ತಾ ಇದ್ರೆ ಮೂತಿ 450 ಮುಟ್ಟೋದೇ ಇಲ್ಲ, ಮಸಿ ಕೂರುತ್ತೆ, ಹಾಟ್ ಪ್ಲಗ್ ಹಾಕಿದ್ರೆ ಅದು ಕಡಿಮೆ ಆಗುತ್ತೆ. ಆದ್ರೆ ಅದೇ ಪ್ಲಗ್ ನಾಲ್ಕು ಜನ, ಲಗೇಜು, ಎಸಿ ಹೊತ್ತು ಹೆದ್ದಾರಿಯಲ್ಲಿ ಕಾಲು ಒತ್ತಿದಾಗಲೂ ಅಲ್ಲೇ ಇರುತ್ತಲ್ಲ! ಮಸಿಯಿಂದ ಆಗೋದು ಮಿಸ್ಸಿಂಗ್, ಅತಿ ಶಾಖದಿಂದ ಹೋಗೋದು ಎಂಜಿನ್. ನಿಮಗೆ ಹೇಗೂ ವಾರಕ್ಕೊಮ್ಮೆ ಬೆಂಗಳೂರಿನ ಓಟ ಇದೆ, ಮಸಿ ಉರಿಯೋಕೆ ಅಷ್ಟು ಸಾಕು.

7 ಅಂದವರು ಗ್ಯಾಸ್ ಉರಿ ಹೆಚ್ಚು ಬಿಸಿ ಅನ್ನೋ ನಂಬಿಕೆಯಲ್ಲಿ ಹೇಳಿರ್ತಾರೆ. ಮೀಥೇನ್ ಜ್ವಾಲೆ ಪೆಟ್ರೋಲ್ ಜ್ವಾಲೆಗಿಂತ ಬಿಸಿ ಏನಲ್ಲ. ಪೆಟ್ರೋಲ್ ಹನಿ ಆವಿಯಾಗ್ತಾ ಒಳಗೆ ಬರೋ ಗಾಳಿಯನ್ನ ತಂಪು ಮಾಡುತ್ತೆ, ಗ್ಯಾಸಲ್ಲಿ ಆ ತಂಪು ಸಿಗಲ್ಲ, ಅಷ್ಟೇ. ಕಿಟ್ ಜೊತೆ ಕೊಟ್ಟ ಪುಸ್ತಕದಲ್ಲಿ ಒಂದು ನಂಬರ್ ಕೋಲ್ಡ್ ಅಂತ ಬರೆದಿದ್ರೆ ಹಾಕಿ, ಇಲ್ಲದಿದ್ರೆ 7ರ ಗೋಜು ಬೇಡ. ಬೆಳಗಿನ ಗಡಗಡ ಇನ್ನೂ ಜಾಸ್ತಿ ಆಗುತ್ತೆ. ಪಾವಗಡದ ಬಿಸಿಲಿಗೆ ಕೋಲ್ಡ್ ಪ್ಲಗ್ ಬೇಕು ಅನ್ನೋ ಮಾತೂ ಆಗಾಗ ಕಿವಿಗೆ ಬೀಳುತ್ತೆ. ಒಳಗೆ ಜ್ವಾಲೆ ಎರಡು ಸಾವಿರ ಡಿಗ್ರಿ ಇರುವಾಗ ಹೊರಗಿನ ಹತ್ತು ಡಿಗ್ರಿ ಯಾವ ಮೂಲೆಗೆ?

ಈಗ ಏರಿನಲ್ಲಿ ಜಗ್ಗೋದಕ್ಕೆ ಬರೋಣ. ಗ್ಯಾಸ್ ಮಿಶ್ರಣದ ಮಧ್ಯೆ ಕಿಡಿ ಹಾರಿಸೋಕೆ ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜ್ ಬೇಕು. ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಸಿಲಿಂಡರಿಗೆ ಗಾಳಿ ಜಾಸ್ತಿ ತುಂಬುತ್ತೆ, ಒತ್ತಡ ಏರುತ್ತೆ, ಅದಕ್ಕೂ ಇನ್ನಷ್ಟು ವೋಲ್ಟೇಜ್. ಮೇಲಿಂದ ಗ್ಯಾಪ್ 1.1 ಇರಬೇಕಾದ್ದು ಸವೆದು 1.3 ಆಗಿದೆ. ಮೂರೂ ಒಟ್ಟಿಗೆ ಬಿದ್ರೆ ಕಾಯಿಲ್ ಕೈಚೆಲ್ಲುತ್ತೆ. ಪೆಟ್ರೋಲಲ್ಲಿ ಸರಿ, ಗ್ಯಾಸಲ್ಲಿ ಅದೂ ಏರಿನಲ್ಲಿ ಮಾತ್ರ ಮಿಸ್ಸಿಂಗ್ ಅಂದ್ರೆ ಮೊದಲು ಗ್ಯಾಪ್ ಅಳೀಬೇಕು. ಗ್ಯಾಸ್ ಫಿಲ್ಟರ್, ಟ್ಯೂನಿಂಗ್ ಎಲ್ಲಾ ಆಮೇಲಿನ ಮಾತು. ಗ್ಯಾಸ್ ಗಾಡಿಗೆ ಸಾದಾ ನಿಕಲ್ ಪ್ಲಗ್ 37,000 ಕಿ.ಮೀ. ಬಂದಿದೆ ಅಂದ್ರೆ ಅದು ಈಗಾಗಲೇ ಓವರ್‌ಟೈಮ್ ಮಾಡಿದೆ. ಗ್ಯಾಸಲ್ಲಿ 20,000ಕ್ಕೆ ಬದಲಾಯಿಸೋದು ಒಳ್ಳೇದು.

ಕಂದು ಬಳೆಗೆ ತಲೆ ಕೆಡಿಸ್ಕೋಬೇಡಿ. ಕಂಪ್ರೆಷನ್ ಸೋರಿಕೆ ಅಂತ ಹೆದರಿಸೋರು ಇದ್ದಾರೆ. ಹೈ ವೋಲ್ಟೇಜಿಗೆ ಪಿಂಗಾಣಿಯ ಸುತ್ತ ಗಾಳಿಯಲ್ಲಿರೋ ಎಣ್ಣೆಯ ಸೂಕ್ಷ್ಮ ಕಣ ಅಂಟಿ ಆಗೋ ಕಲೆ ಅದು, ನಿರುಪದ್ರವಿ. ಹೆದರಬೇಕಾದ್ದು ಮೇಲಿಂದ ಕೆಳಗೆ ಉದ್ದಕ್ಕೆ ಎಳೆದ ಪೆನ್ಸಿಲ್ ಗೀಟಿನಂಥ ಕಪ್ಪು ಗೆರೆಗೆ. ಅದು ಕಿಡಿ ಒಳಗೆ ಹಾರದೆ ಹೊರಗಿನಿಂದಲೇ ಜಾರಿದ ಗುರುತು.

ಗುಬ್ಬಿ_ಗೇಟ್‌ವಾಲ್ವ್

ಮೇಲಿನವರು ಮೂರನೇ ಸಿಲಿಂಡರ್ ಮುಟ್ಟಲಿಲ್ಲ, ಬೆಳಗಿನ ಗಡಗಡಕ್ಕೆ ಮೂಲ ಅಲ್ಲೇ ಇರೋ ಹಾಗಿದೆ.

ಎಣ್ಣೆ ಎಲ್ಲಿಂದ ಬಂತು ಅನ್ನೋದು ಪ್ರಶ್ನೆ. ಥ್ರೆಡ್ ಮೇಲಿನ ಎಣ್ಣೆ ಬೇರೆ, ಮೂತಿಯ ಎಣ್ಣೆ ಬೇರೆ. ಕಾಯಿಲ್ ಇಳಿಯೋ ಬಾವಿ ಥರದ ತೂತಿನ ಸುತ್ತ ಟ್ಯಾಪೆಟ್ ಕವರ್‌ನಲ್ಲಿ ರಬ್ಬರ್ ಸೀಲ್ ಇರುತ್ತೆ. ಹತ್ತು ವರ್ಷದ ಗಾಡಿಯಲ್ಲಿ ಅದು ಗಟ್ಟಿಯಾಗಿ ಬಿರುಕು ಬಿಟ್ಟು, ಕವರ್ ಒಳಗಿನ ಎಣ್ಣೆ ಬಾವಿಗೆ ಇಳಿದು ಪ್ಲಗ್ ಸುತ್ತ ನಿಲ್ಲುತ್ತೆ. ಪ್ಲಗ್ ಸಡಿಲ ಮಾಡಿದ ತಕ್ಷಣ ಅದೇ ಎಣ್ಣೆ ಥ್ರೆಡ್ ಹಿಡಿದು ಸಿಲಿಂಡರಿಗೂ ಇಳಿಯುತ್ತೆ, ಮೂತಿಗೂ ಮೆತ್ತಿಕೊಳ್ಳುತ್ತೆ. ಹಾಗಾಗಿ ಹೊರಗೆ ಬಂದ ಪ್ಲಗ್ ನೋಡಿ ಪಿಸ್ಟನ್ ರಿಂಗ್ ಹೋಗಿದೆ ಅಂತ ತೀರ್ಪು ಕೊಡೋಕಾಗಲ್ಲ. ಪ್ಲಗ್ ಬಿಚ್ಚೋ ಮೊದಲೇ ಟಾರ್ಚ್ ಬಿಟ್ಟು ಬಾವಿ ನೋಡಬೇಕು. ಎಣ್ಣೆ ಕಂಡ್ರೆ ಸಿರಿಂಜಿಗೆ ಸಣ್ಣ ಪೈಪು ಸಿಕ್ಕಿಸಿ ಹೀರಿ, ಉದ್ದ ಸ್ಕ್ರೂಡ್ರೈವರಿಗೆ ಹತ್ತಿ ಬಟ್ಟೆ ಸುತ್ತಿ ಒರೆಸಿ, ಆಮೇಲೆ ಪಾನ ಹಾಕಬೇಕು.

ಈಗ ಮಾಡಬಹುದಾದ್ದು: ಬಾವಿ ಒಣಗಿಸಿ, ಹೊಸ ಪ್ಲಗ್ ಹಾಕಿ, 500 ಕಿ.ಮೀ. ಓಡಿಸಿ, ಮತ್ತೆ ಇಣುಕಿ ನೋಡಿ. ಬಾವಿಯಲ್ಲಿ ಎಣ್ಣೆ ತುಂಬಿದ್ದು ಪ್ಲಗ್ ಮೂತಿ ಒಣಗಿದ್ರೆ ಸೀಲ್. ಬಾವಿ ಒಣಗಿದ್ದು ಮೂತಿ ಮಾತ್ರ ಹಸಿ ಇದ್ರೆ ಎಣ್ಣೆ ಒಳಗಿಂದಲೇ ಬರ್ತಿದೆ. ರಾತ್ರಿಯೆಲ್ಲಾ ನಿಂತು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಬುಗ್ಗೆ ನೀಲಿ ಹೊಗೆ ಬಂದು ನಿಂತುಹೋದ್ರೆ ವಾಲ್ವ್ ಸೀಲ್. ಏರಿನಲ್ಲಿ ಹಿಂದೆ ನೀಲಿ ಹೊಗೆ ಎಳ್ಕೊಂಡೇ ಬರ್ತಿದ್ರೆ ರಿಂಗ್.

ಆ ಮೂರನೇ ಕಾಯಿಲ್‌ನ ರಬ್ಬರ್ ಬೂಟನ್ನ ಬೆರಳಲ್ಲಿ ಹಿಸುಕಿ, ಪಕ್ಕದ ಕಾಯಿಲ್ ಬೂಟಿಗೆ ಹೋಲಿಸಿ. ಎಣ್ಣೆ ಕುಡಿದ ರಬ್ಬರ್ ಊದಿ ಮೆತ್ತಗಾಗಿರುತ್ತೆ, ಒಳಗಡೆ ತಿರುವಿ ನೋಡಿದ್ರೆ ಕಿಡಿ ಜಾರಿದ ಬೂದು ಗೆರೆಯೂ ಇರಬಹುದು. ಹಾಗಿದ್ರೆ ಬೂಟ್ ಬದಲಾಯಿಸಲೇಬೇಕು. ಗೆರೆ ಬಿದ್ದ ಬೂಟಿನೊಳಗೆ ಹೊಸ ಪ್ಲಗ್ ಹಾಕಿದ್ರೆ ವಾರದಲ್ಲಿ ಹೊಸ ಪಿಂಗಾಣಿ ಮೇಲೂ ಅದೇ ಗೆರೆ ಬರುತ್ತೆ.

ಪಿ0303ಗೆ ಒಂದು ಕಾಸಿಲ್ಲದ ಪರೀಕ್ಷೆ. 3ನೇ ಕಾಯಿಲನ್ನ 1ಕ್ಕೆ, 1ರದನ್ನ 3ಕ್ಕೆ ಹಾಕಿ, ಕೋಡ್ ಅಳಿಸಿ, ಅದೇ ಏರು ಹತ್ತಿಸಿ. ಪಿ0301 ಬಂದ್ರೆ ಕಾಯಿಲ್ ಅಥವಾ ಬೂಟ್. ಮತ್ತೆ ಪಿ0303 ಬಂದ್ರೆ ಕಾಯಿಲ್ ನಿರಪರಾಧಿ: ಪ್ಲಗ್, ಇಂಜೆಕ್ಟರ್, ಕಂಪ್ರೆಷನ್ ಕಡೆ ಹೋಗಬೇಕು. ಪ್ಲಗ್ಗೂ ಕಾಯಿಲ್ಲೂ ಒಂದೇ ದಿನ ಬದಲಾಯಿಸಿದ್ರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ. ಮಿನುಗೋ ಚೆಕ್ ಲೈಟ್ ಇಟ್ಕೊಂಡು ಮಾತ್ರ ಓಡಿಸ್ತಾ ಇರಬೇಡಿ. ಉರಿಯದ ಇಂಧನ ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಉರಿದು ಅದನ್ನ ಕರಗಿಸುತ್ತೆ. ಅದರ ಬೆಲೆಗೆ ಎಷ್ಟು ಪ್ಲಗ್ ಬರುತ್ತೆ ಅಂತ ಲೆಕ್ಕ ಹಾಕೋದೇ ಬೇಡ.

ಅಂತರಗಂಗೆ_ಕೋಲಾರ

ನಂಬರ್ ವಿಷಯದಲ್ಲಿ ಒಂದು ಎಚ್ಚರಿಕೆ. "6 ಕೊಡಿ" ಅಂತ ಅಂಗಡಿಯಲ್ಲಿ ಕೇಳಲೇಬಾರದು, ಪೂರ್ತಿ ಕೋಡ್ ಹೇಳಬೇಕು. ಒಂದೊಂದು ಕಂಪನಿಯ ಲೆಕ್ಕ ಒಂದೊಂದು ದಿಕ್ಕು. ಎನ್‌ಜಿಕೆ, ಡೆನ್ಸೊ ಎರಡರಲ್ಲೂ ನಂಬರ್ ಏರಿದ್ರೆ ಕೋಲ್ಡ್. ಬಾಷ್, ಚಾಂಪಿಯನ್‌ನಲ್ಲಿ ಏರಿದ್ರೆ ಹಾಟ್. ಎನ್‌ಜಿಕೆ 5, 6, 7ಕ್ಕೆ ಡೆನ್ಸೊದಲ್ಲಿ 16, 20, 22. ನಿಮ್ಮ ಬಿಕೆಆರ್6ಇ-11ಕ್ಕೆ ಡೆನ್ಸೊದಲ್ಲಿ ಕೆ20ಪಿಆರ್-ಯು11, ಬಾಷ್‌ನಲ್ಲಿ ಎಫ್‌ಆರ್7ಡಿಸಿ ಸಾಲಿನದು ಹೊಂದುತ್ತೆ. ಬಾಷ್ 7 ನೋಡಿ "ಓ, ಇದು ಕೋಲ್ಡ್" ಅಂದುಕೊಂಡು 6ಕ್ಕೆ ಇಳಿದ್ರೆ ನಿಜವಾಗಿ ಕೋಲ್ಡ್ ಆಗೋದು ಆಗಲೇ.

ನಿಮ್ಮ ಕೋಡನ್ನ ಬಿಡಿಸಿದ್ರೆ: ಬಿಕೆ ಅಂದ್ರೆ 14 ಮಿ.ಮೀ. ಥ್ರೆಡ್, 16 ಮಿ.ಮೀ. ಪಾನ. ಆರ್ ಅಂದ್ರೆ ಒಳಗೆ ರೆಸಿಸ್ಟರ್. 6 ಶಾಖದ ನಂಬರ್. ಇ ಅಂದ್ರೆ ಥ್ರೆಡ್ ಉದ್ದ 19 ಮಿ.ಮೀ. ಕೊನೆಯ 11 ಅಂದ್ರೆ 1.1 ಮಿ.ಮೀ. ಗ್ಯಾಪ್. ಇದರಲ್ಲಿ ಒಂದಕ್ಷರ ತಪ್ಪಿದ್ರೂ ಬೇರೆ ಪ್ಲಗ್. ಬಿಪಿಆರ್6ಇಎಸ್ ಅಂತ ಒಂದಿದೆ, ಅದೂ 14 ಮಿ.ಮೀ., ಅದೂ 6, ಅದೂ 19. ಆದ್ರೆ ಅದಕ್ಕೆ 20.8 ಮಿ.ಮೀ. ಪಾನ ಬೇಕು, ನಿಮ್ಮ ಬಾವಿಯೊಳಗೆ ಆ ಸಾಕೆಟ್ ಇಳಿಯೋದೇ ಇಲ್ಲ. ಬಿಸಿಪಿಆರ್6ಇ ಅನ್ನೋದು ಥ್ರೆಡ್, ಪಾನ ಎಲ್ಲಾ ಹೊಂದುತ್ತೆ, ಮೇಲಿನ ಪಿಂಗಾಣಿ ಮಾತ್ರ ಸುಮಾರು 2.5 ಮಿ.ಮೀ. ಎತ್ತರ.

ಎಲ್ಲಕ್ಕಿಂತ ಅಪಾಯ ಥ್ರೆಡ್ ಉದ್ದ ತಪ್ಪೋದು. 19 ಬೇಕಾದ ಕಡೆ 26.5 ಹಾಕಿದ್ರೆ ಪಿಸ್ಟನ್ನೋ ವಾಲ್ವೋ ಬಡಿಯುತ್ತೆ. ಬಡಿಯದಿದ್ರೂ ಒಳಗೆ ಚಾಚಿದ ಥ್ರೆಡ್ ಮೇಲೆ ಕಾರ್ಬನ್ ಕಟ್ಟಿ, ಬಿಚ್ಚುವಾಗ ಹೆಡ್ಡಿನ ಥ್ರೆಡ್ ಕಿತ್ಕೊಂಡೇ ಬರುತ್ತೆ. ಮೋಟು ಪ್ಲಗ್ ಹಾಕಿದ್ರೆ ಹೆಡ್ಡಿನ ಖಾಲಿ ಥ್ರೆಡ್ಡಲ್ಲಿ ಕಾರ್ಬನ್ ಕೂರುತ್ತೆ, ಮುಂದೆ ಸರಿಯಾದ ಪ್ಲಗ್ ಹಾಕೋಕೆ ಹೋದ್ರೆ ಹತ್ತಲ್ಲ. ಅಂಗಡಿ ಕೌಂಟರ್ ಮೇಲೆ ಹಳೇದು ಹೊಸದು ಎರಡನ್ನೂ ವಾಷರ್ ಸಮ ಮಾಡಿ ಪಕ್ಕಪಕ್ಕ ನಿಲ್ಲಿಸಿ ನೋಡೋದು ಅರ್ಧ ನಿಮಿಷದ ಕೆಲಸ.

ನಕಲಿ ಮಾಲೂ ಓಡಾಡುತ್ತೆ. ಡಬ್ಬಿ ನಂಬಬೇಡಿ. ಪಿಂಗಾಣಿ ಮೇಲಿನ ಅಕ್ಷರ ಉಗುರಲ್ಲಿ ಕೆರೆದ್ರೆ ಏಳಬಾರದು. ವಾಷರ್ ಕೈಯಲ್ಲಿ ಅಲ್ಲಾಡಿಸಿದ್ರೆ ಕಳಚಿ ಬೀಳಬಾರದು. ಮೇಲಿನ ಬಾಗಿದ ಎಲೆಕ್ಟ್ರೋಡ್ ನಡುವಿನ ಕಡ್ಡಿಗೆ ಸರಿಯಾಗಿ ನೇರ ಇರಬೇಕು. ಮಲ್ಟಿಮೀಟರ್ ಇದ್ರೆ 20 ಕಿಲೋ ಓಮ್ ರೇಂಜಿಗಿಟ್ಟು ಮೇಲಿನ ಟರ್ಮಿನಲ್‌ನಿಂದ ನಡುವಿನ ಕಡ್ಡಿಗೆ ಅಳೆಯಿರಿ. ರೆಸಿಸ್ಟರ್ ಪ್ಲಗ್ ಸುಮಾರು 5 ಕಿಲೋ ಓಮ್ ತೋರಿಸುತ್ತೆ, ನಾಲ್ಕರಲ್ಲೂ ಹತ್ತಿರಹತ್ತಿರ ಇರಬೇಕು. ಸೊನ್ನೆ ಬಂದ್ರೆ ರೆಸಿಸ್ಟರ್ ಇಲ್ಲ: ರೇಡಿಯೋ ಕರಕರ ಅನ್ನುತ್ತೆ, ಎಂಜಿನ್ ಕಂಪ್ಯೂಟರ್ ಇಸಿಯುಗೂ ಕಿರಿಕಿರಿ. ಏನೂ ತೋರಿಸದಿದ್ರೆ ಒಳಗೆ ಮುರಿದಿದೆ.

ಹೆದ್ದಾರಿ48

ಗ್ಯಾಪ್ 0.7 ಮಾಡಿ ಗುರು, ಗ್ಯಾಸ್ ಗಾಡಿಗೆ ಎಲ್ರೂ ಅದೇ ಮಾಡೋದು. ಮಿಸ್ಸಿಂಗ್ ಮಾಯ.

ಕ್ಯಾತ್ಸಂದ್ರ_ಟಾರ್ಕ್

@ಹೆದ್ದಾರಿ48 ಏರಿನ ಮಿಸ್ಸಿಂಗ್ ಮಾಯ ಆಗುತ್ತೆ ನಿಜ, ಐಡ್ಲಿಂಗ್ ಕೆಡುತ್ತೆ. ಗ್ಯಾಪ್ ಕಿರಿದಾದಷ್ಟೂ ಕಿಡಿ ಗಿಡ್ಡ. ಗಿಡ್ಡ ಕಿಡಿಯಲ್ಲಿ ಹುಟ್ಟಿದ ಬೆಂಕಿಯ ಉಂಡೆ ಸಣ್ಣದು, ಅದರ ಶಾಖವನ್ನ ಎರಡೂ ಕಡೆಯ ಲೋಹವೇ ಹೀರಿಕೊಂಡುಬಿಡುತ್ತೆ. ತಣ್ಣಗಿನ ಎಂಜಿನ್, ಪೆಟ್ರೋಲ್, ಐಡ್ಲಿಂಗ್: ಇವರ ತೊಂದರೆ ಇರೋದೇ ಆ ಜಾಗದಲ್ಲಿ. ಇವರ ಕೈಪಿಡಿ 1.0ರಿಂದ 1.1 ಅನ್ನುತ್ತೆ. ಹೊರಗಿನ ಕಿಟ್ ಇರೋದರಿಂದ 0.9ಕ್ಕೆ ಇಳಿಸಬಹುದು, 0.8ಕ್ಕಿಂತ ಕೆಳಗೆ ಬೇಡ. ಕಿಟ್ ಪುಸ್ತಕದಲ್ಲಿ ಬೇರೆ ಅಳತೆ ಕೊಟ್ಟಿದ್ರೆ ಅದೇ ಮೇಲು. ಕಂಪನಿಯಿಂದಲೇ ಗ್ಯಾಸ್ ಹಾಕಿಕೊಂಡು ಬಂದ ಗಾಡಿ ಆಗಿದ್ರೆ ಗ್ಯಾಪ್ ಮುಟ್ಟೋದೇ ಬೇಡ, ಆ ಗಾಡಿಯ ಕೈಪಿಡಿಯಲ್ಲೇ ಅದಕ್ಕೆ ತಕ್ಕ ಪ್ಲಗ್ ಕೊಟ್ಟಿರ್ತಾರೆ.

ಅಳೆಯೋಕೆ ದುಂಡು ತಂತಿಯ ಗೇಜ್ ತಗೊಳ್ಳಿ. ಚಪ್ಪಟೆ ಫೀಲರ್ ಹೊಸ ಪ್ಲಗ್ಗಿಗೆ ನಡೆಯುತ್ತೆ, ಸವೆದು ಕುಳಿ ಬಿದ್ದ ಪ್ಲಗ್ಗಲ್ಲಿ ಕಡಿಮೆ ತೋರಿಸುತ್ತೆ. ನಿಮ್ಮ 1.3 ಯಾವುದರಲ್ಲಿ ಅಳೆದಿದ್ದೋ, ಚಪ್ಪಟೆಯದಾದ್ರೆ ನಿಜವಾದ ಗ್ಯಾಪ್ ಇನ್ನೂ ಜಾಸ್ತಿ. ಕಿರಿದು ಮಾಡೋಕೆ ಮೇಲಿನ ಎಲೆಕ್ಟ್ರೋಡನ್ನ ಮರದ ಹಲಗೆ ಮೇಲೆ ಮೆಲ್ಲಗೆ ತಟ್ಟಿ. ಅಗಲ ಮಾಡಬೇಕಾದ್ರೆ ಗೇಜಿನ ಕೊಂಡಿಯಿಂದ ಅದೊಂದನ್ನೇ ಎತ್ತಿ. ನಡುವಿನ ಕಡ್ಡಿಗೆ ಆನಿಸಿ ಮೀಟಿದ್ರೆ ಒಳಗಿನ ಪಿಂಗಾಣಿ ಸೀಳುತ್ತೆ, ಕಣ್ಣಿಗೆ ಕಾಣಲ್ಲ.

ಶಿರಾಗೇಟ್_ಸವಾರ

ಚಪ್ಪಟೆ ಫೀಲರಿಂದಲೇ ಅಳೆದಿದ್ದು. ಇರಿಡಿಯಂ ಬಗ್ಗೆ ಯಾರೂ ಹೇಳಲಿಲ್ಲ. ಹಾಕಿದ್ರೆ ಲಾಭ ಇದೆಯಾ? ಹಳೇ ಪ್ಲಗ್ ಉಪ್ಪುಕಾಗದದಲ್ಲಿ ಉಜ್ಜಿ ಗ್ಯಾಪ್ ಮಾಡಿ ಹಾಕಿಕೊಂಡ್ರೆ ಎಷ್ಟು ದಿನ ಬರುತ್ತೆ?

ಅಂತರಗಂಗೆ_ಕೋಲಾರ

ಉಪ್ಪುಕಾಗದದ ಕಾಲ ಹೋಯ್ತು ಸರ್. ಕಿಡಿ ಚೂಪಾದ ಅಂಚಿನಿಂದ ಸುಲಭವಾಗಿ ಹಾರುತ್ತೆ. ಸವೆದ ಪ್ಲಗ್ಗಿನ ಅಂಚು ದುಂಡಗಾಗಿರುತ್ತೆ, ಗ್ಯಾಪ್ ಸರಿ ಮಾಡಿದ್ರೂ ಅಂಚು ವಾಪಸ್ ಬರಲ್ಲ. ತಂತಿ ಬ್ರಷ್ ಇನ್ನೂ ಕೆಟ್ಟದ್ದು, ಪಿಂಗಾಣಿ ಮೇಲೆ ಲೋಹದ ಗೀಟು ಬಿಟ್ಟು ಹೋಗುತ್ತೆ, ಕರೆಂಟ್ ಅದರ ಮೇಲೇ ಸೋರುತ್ತೆ. ಮರಳು ಊದೋ ಮೆಷಿನ್ನಲ್ಲಿ ಸಿಕ್ಕಿಕೊಂಡ ಒಂದು ಹರಳು ಸಿಲಿಂಡರಿಗೆ ಬಿದ್ರೆ ಗೋಡೆ ಗೀರುತ್ತೆ.

ಇರಿಡಿಯಂ ಕೊಡೋದು ಆಯಸ್ಸನ್ನ, ಮೈಲೇಜನ್ನಲ್ಲ. ಸವೆದದ್ದು ತೆಗೆದು ಯಾವ ಹೊಸ ಪ್ಲಗ್ ಹಾಕಿದ್ರೂ ಗಾಡಿ ಹಗುರ ಅನ್ನಿಸುತ್ತೆ, ಆ ಪುಣ್ಯ ಇರಿಡಿಯಂ ಖಾತೆಗೆ ಹೋಗುತ್ತೆ. ನಿಕಲ್ 1455 ಡಿಗ್ರಿಗೆ ಕರಗುತ್ತೆ, ಪ್ಲಾಟಿನಂ 1768ಕ್ಕೆ, ಇರಿಡಿಯಂ 2446ಕ್ಕೆ. ಕಿಡಿಯ ಹೊಡೆತಕ್ಕೆ ಬೇಗ ಸವೆಯಲ್ಲವಾದ್ದರಿಂದ ನಡುವಿನ ಕಡ್ಡಿಯನ್ನ 2.5 ಮಿ.ಮೀ. ಬದಲು 0.4, 0.6ರಷ್ಟು ಸಣ್ಣ ಮಾಡಬಹುದು. ಅಷ್ಟು ಮೊನಚಿನಿಂದ ಕಡಿಮೆ ವೋಲ್ಟೇಜಿಗೇ ಕಿಡಿ ಹಾರುತ್ತೆ. ಗ್ಯಾಸ್ ಗಾಡಿಗೆ ಇರೋ ನಿಜವಾದ ಉಪಯೋಗ ಇದು. "ಕಾಪರ್ ಪ್ಲಗ್" ಅನ್ನೋದು ಬರೀ ಕರೆಯೋ ಹೆಸರು. ತಾಮ್ರ ಇರೋದು ಒಳಗೆ ಶಾಖ ಸಾಗಿಸೋಕೆ, ಕಿಡಿ ಹಾರೋ ತುದಿ ನಿಕಲ್ಲೇ. ತಾಮ್ರದ ತಿರುಳು ಇರಿಡಿಯಂ ಪ್ಲಗ್ಗಲ್ಲೂ ಇರುತ್ತೆ.

ಕೊಳ್ಳುವಾಗ ನೋಡಬೇಕಾದ್ದು ಮೇಲಿನ ಬಾಗಿದ ಎಲೆಕ್ಟ್ರೋಡ್. ಅದರ ಒಳಮೈಗೆ ಪ್ಲಾಟಿನಂ ಅಥವಾ ಇರಿಡಿಯಂ ಚುಕ್ಕಿ ಬೆಸೆದಿದ್ರೆ 80,000ದಿಂದ ಒಂದು ಲಕ್ಷ ಕಿ.ಮೀ. ಮಾತು ಸಲ್ಲುತ್ತೆ, ಅದೂ ಪೆಟ್ರೋಲಲ್ಲಿ. ನಡುಕಡ್ಡಿ ಮಾತ್ರ ಇರಿಡಿಯಂ, ಮೇಲಿನದು ಬರೀ ನಿಕಲ್ ಆಗಿದ್ರೆ ನಿಕಲ್ ಸವೆದಾಗ ಗ್ಯಾಪ್ ಅಗಲ ಆಗೇ ಆಗುತ್ತೆ. ಎರಡು ಸಿಲಿಂಡರಿಗೆ ಒಂದು ಕಾಯಿಲ್ ಇರೋ ಹಳೇ ಗಾಡಿಗಳಲ್ಲಂತೂ ಒಂದು ಪ್ಲಗ್ಗಲ್ಲಿ ಕಿಡಿ ಉಲ್ಟಾ ದಿಕ್ಕಿಗೆ ಹಾರುತ್ತೆ, ಮೇಲಿನ ಎಲೆಕ್ಟ್ರೋಡೇ ಬೇಗ ತಿನ್ನಿಸಿಕೊಳ್ಳೋದು. ನಿಮ್ಮದು ನಾಲ್ಕು ಕಾಯಿಲ್, ಆ ಚಿಂತೆ ಇಲ್ಲ.

ನನ್ನ ಲೆಕ್ಕ ಇಷ್ಟು: ನೀವೇ ಬಿಚ್ಚಿ ಹಾಕ್ತೀರಿ ಅಂದ್ಮೇಲೆ ನಿಕಲ್ ಹಾಕಿ 20,000ಕ್ಕೊಮ್ಮೆ ಬದಲಾಯಿಸಿ. ಮೂರನೇ ಬಾವಿಯ ಎಣ್ಣೆ ನಿಲ್ಲೋವರೆಗೆ ದುಬಾರಿ ಪ್ಲಗ್ ಹಾಕಿ ಅದಕ್ಕೆ ಎಣ್ಣೆ ಸ್ನಾನ ಮಾಡಿಸೋದು ದಂಡ.

ಗುಬ್ಬಿ_ಗೇಟ್‌ವಾಲ್ವ್

ಹಾಕೋ ಕ್ರಮಾನೂ ಬರೆದುಬಿಡ್ತೀನಿ, ಸರಿಯಾದ ಪ್ಲಗ್ ತಂದು ಹಾಕೋವಾಗ ಕೆಡಿಸೋರೇ ಜಾಸ್ತಿ.

ಎಂಜಿನ್ ಪೂರ್ತಿ ತಣ್ಣಗಿರಲಿ. ಬಿಸಿ ಅಲ್ಯೂಮಿನಿಯಂ ಹೆಡ್ಡಿಂದ ಪ್ಲಗ್ ತಿರುಗಿಸಿದ್ರೆ ಥ್ರೆಡ್ ಜೊತೆಗೇ ಬರುತ್ತೆ. ಕೀ ತೆಗೆದಿಡಿ. ಕಾಯಿಲ್ ಕನೆಕ್ಟರಿನ ಲಾಕ್ ವಯಸ್ಸಾಗಿ ಬಿಸ್ಕತ್ ಥರ ಆಗಿರುತ್ತೆ, ಒತ್ತಿ ಹಿಡಿದು ಪ್ಲಾಸ್ಟಿಕ್ ಹಿಡಿದೇ ಎಳೆಯಿರಿ, ವೈರ್ ಹಿಡಿದು ಎಳೆಯಬೇಡಿ. ಕಾಯಿಲನ್ನ ಎಡಕ್ಕೆ ಬಲಕ್ಕೆ ಸ್ವಲ್ಪ ತಿರುಗಿಸಿ ಬೂಟ್ ಬಿಡಿಸಿಕೊಂಡು ಮೇಲೆತ್ತಿ. ಪ್ಲಗ್ಗನ್ನ ಕಾಲು ಸುತ್ತು ಸಡಿಲಿಸಿ ನಿಲ್ಲಿಸಿ, ಪಂಚರ್ ಅಂಗಡಿಯ ಗಾಳಿಯೋ ಕೈ ಪಂಪೋ ಬಾವಿಗೆ ಊದಿ, ಆಮೇಲೆ ಪೂರ್ತಿ ಬಿಚ್ಚಿ. ನಮ್ಮ ಕಡೆಯ ಧೂಳಿಗೆ ಈ ಹೆಜ್ಜೆ ಬಿಡಲೇಬಾರದು, ಬಾವಿಯ ತಳದಲ್ಲಿ ಮರಳು ಕೂತಿರುತ್ತೆ.

ಹೊಸ ಪ್ಲಗ್ ಇಳಿಸೋಕೆ ಒಂದಡಿ ಪೆಟ್ರೋಲ್ ಪೈಪಿನ ತುಂಡು ತಗೊಳ್ಳಿ. ಪ್ಲಗ್ಗಿನ ಮೇಲ್ತುದಿಯನ್ನ ಅದಕ್ಕೆ ಸಿಕ್ಕಿಸಿ ಬಾವಿಗೆ ಬಿಟ್ಟು ಬೆರಳಲ್ಲಿ ತಿರುಗಿಸಿ. ಥ್ರೆಡ್ ಅಡ್ಡ ಹತ್ತಿದ್ರೆ ರಬ್ಬರ್ ಜಾರುತ್ತೆ, ಮುಂದೆ ಹೋಗಲ್ಲ. ಪಾನದಲ್ಲಿ ಶುರು ಮಾಡಿದ್ರೆ ಅಡ್ಡ ಹತ್ತಿದ್ದು ಗೊತ್ತಾಗೋ ಹೊತ್ತಿಗೆ ಹೆಡ್ ಹೋಗಿರುತ್ತೆ, ಥ್ರೆಡ್ ಕೊರೆಸಿ ಇನ್ಸರ್ಟ್ ಹಾಕಿಸೋ ಕೆಲಸ ಬೀಳುತ್ತೆ. ಮೊದಲು ಎಡಕ್ಕೆ ಒಂದು ಸುತ್ತು ತಿರುಗಿಸಿ "ಟಕ್" ಅಂತ ಥ್ರೆಡ್ ಕೂತ ಮೇಲೆ ಬಲಕ್ಕೆ ಹೋಗಿ.

ಬಿಗಿತ: 14 ಮಿ.ಮೀ. ಥ್ರೆಡ್, ಅಲ್ಯೂಮಿನಿಯಂ ಹೆಡ್ ಅಂದ್ರೆ 25ರಿಂದ 30 ನ್ಯೂಟನ್ ಮೀಟರ್. 12 ಮಿ.ಮೀ. ಥ್ರೆಡ್ ಆದ್ರೆ 15ರಿಂದ 20. ಟಾರ್ಕ್ ಪಾನ ಇಲ್ಲದಿದ್ರೆ ಬೆರಳಲ್ಲಿ ಬಿಗಿಯಾದ ಮೇಲೆ ಹೊಸ ವಾಷರ್ ಇರೋ ಪ್ಲಗ್ಗಿಗೆ ಅರ್ಧದಿಂದ ಮುಕ್ಕಾಲಿಗಿಂತ ಸ್ವಲ್ಪ ಕಡಿಮೆ ಸುತ್ತು. ವಾಷರ್ ಒತ್ತಿಕೊಳ್ಳೋದು ಕೈಗೇ ತಿಳಿಯುತ್ತೆ. ಹಳೇ ಪ್ಲಗ್ಗನ್ನೇ ವಾಪಸ್ ಹಾಕೋದಾದ್ರೆ ವಾಷರ್ ಆಗಲೇ ಚಪ್ಪಟೆ ಆಗಿರುತ್ತೆ, ಗಡಿಯಾರದಲ್ಲಿ ಒಂದು ಗಂಟೆಯಷ್ಟು ತಿರುವು ಸಾಕು.

ಥ್ರೆಡ್ಡಿಗೆ ಗ್ರೀಸ್, ಆಯಿಲ್ ಏನೂ ಬೇಡ. ಈಗಿನ ಪ್ಲಗ್ಗಿಗೆ ಲೇಪ ಇದ್ದೇ ಇರುತ್ತೆ. ಜಾರೋ ಥ್ರೆಡ್ಡಲ್ಲಿ ಪಾನ 25 ತೋರಿಸಿದ್ರೂ ನಿಜವಾದ ಬಿಗಿತ ಇಪ್ಪತ್ತು ಮೂವತ್ತು ಪರ್ಸೆಂಟ್ ಮೇಲೆ ಹೋಗಿರುತ್ತೆ, ಪ್ಲಗ್ ಉದ್ದಕ್ಕೆ ಎಳೆದು ಒಳಗಿನ ಸೀಲ್ ಬಿಡುತ್ತೆ. ನಿಮ್ಮ ಮೂರನೇ ಸಿಲಿಂಡರಿನ ಥ್ರೆಡ್ ಒರೆಸದೆ ಹಾಕಬೇಡಿ ಅನ್ನೋದು ಇದಕ್ಕೇ. ಸಡಿಲ ಬಿಟ್ರೂ ಅಷ್ಟೇ ಕೇಡು. ಶಾಖ ಇಳಿದುಹೋಗೋದು ಥ್ರೆಡ್ಡು, ವಾಷರ್ ಮೂಲಕ. ಅದು ಒತ್ತಿ ಕೂರದಿದ್ರೆ 6 ನಂಬರೂ ಹಾಟ್ ಪ್ಲಗ್ ಥರ ಸುಡುತ್ತೆ, ಮೂತಿ ಬೆಳ್ಳಗಾಗಿ ಗುಳ್ಳೆ ಏಳುತ್ತೆ. ಅದನ್ನ ನೋಡಿ 7 ಹಾಕೋರೂ ಇದ್ದಾರೆ!

ಕೈತಪ್ಪಿ ನೆಲಕ್ಕೆ ಬಿದ್ದ ಪ್ಲಗ್ ಹೊಸದಾದ್ರೂ ಹಾಕಬೇಡಿ. ಬೂಟಿನ ಒಳ ಅಂಚಿಗೆ ಡೈಎಲೆಕ್ಟ್ರಿಕ್ ಗ್ರೀಸ್ (ಕರೆಂಟ್ ಹರಿಯಲು ಬಿಡದ ಗ್ರೀಸ್) ಸಾಸಿವೆಯಷ್ಟು ಸವರಿ.

ಇನ್ನೊಂದು, ಕಾಯಿಲಿಗೆ ಪ್ಲಗ್ ಸಿಕ್ಕಿಸಿ ಹೊರಗೆ ಬಾಡಿಗೆ ಮುಟ್ಟಿಸಿ ಕಿಡಿ ನೋಡೋ ಅಭ್ಯಾಸ ಬಿಡಿ. ಹೊರಗಿನ ಗಾಳಿಯಲ್ಲಿ ಹಾರೋ ಕಿಡಿ ಸಿಲಿಂಡರಿನ ಒತ್ತಡದಲ್ಲಿ ಹಾರದೇ ಹೋಗಬಹುದು, ಹಾಗಾಗಿ ಅದರಿಂದ ಏನೂ ತಿಳಿಯಲ್ಲ. ಗ್ಯಾಸ್ ಇರೋ ಬಾನೆಟ್ ಒಳಗೆ ಕಿಡಿ ಆಟ ಬೇರೆ.

ನಂದಿ_ತಪ್ಪಲು

ಚಿಕ್ಕಬಳ್ಳಾಪುರದಿಂದ. 1.0 ಟರ್ಬೊ ಪೆಟ್ರೋಲ್, ನಂದಿ ಬೆಟ್ಟ ವಾರವಾರ ಹತ್ತುತ್ತೆ. ಎತ್ತರಕ್ಕೆ ಅಂತ ಪ್ಲಗ್ ಬೇರೆ ಬೇಕಾ? ಗ್ಯಾಪ್ 1.1 ಇಡಬಹುದಾ?

ಕ್ಯಾತ್ಸಂದ್ರ_ಟಾರ್ಕ್

@ನಂದಿ_ತಪ್ಪಲು 1478 ಮೀಟರಿಗೆ ಪ್ಲಗ್ ಬದಲಾಯಿಸೋದು ಏನಿಲ್ಲ. ಟರ್ಬೊಗೆ 1.1 ಬೇಡವೇ ಬೇಡ. ಗಾಳಿ ಒತ್ತಿ ತುಂಬೋದರಿಂದ ಅಂಥ ಎಂಜಿನ್ನಲ್ಲಿ ಗ್ಯಾಪ್ ಸಾಮಾನ್ಯವಾಗಿ 0.7, 0.8ರಲ್ಲಿರುತ್ತೆ, ನಂಬರೂ ಕೋಲ್ಡ್ ಕಡೆಗೆ. ಕೈಪಿಡಿಯ ಕೋಡನ್ನೇ ಅಕ್ಷರ ಬಿಡದೆ ತನ್ನಿ, ಉಳಿತಾಯಕ್ಕೆ ನಿಕಲ್ಲಿಗೆ ಇಳಿಯಬೇಡಿ.

ಶಿರಾಗೇಟ್_ಸವಾರ

ಟಾರ್ಚ್ ಬಿಟ್ಟು ನೋಡಿದೆ, ಮೂರನೇ ಬಾವಿಯಲ್ಲಿ ಅರ್ಧ ಇಂಚು ಎಣ್ಣೆ ಮತ್ತೆ ನಿಂತಿದೆ. ಬೂಟ್ ಊದಿದೆ. ಪ್ಲಗ್ 6 ನಂಬರೇ ನಾಲ್ಕು ತಂದಿದ್ದು, ಮೀಟರಲ್ಲಿ 4.6ರಿಂದ 5.1 ಕಿಲೋ ಓಮ್ ಬಂತು. ಗ್ಯಾಪ್ 0.9 ಮಾಡ್ತೀನಿ. ಟ್ಯಾಪೆಟ್ ಕವರ್ ಗ್ಯಾಸ್ಕೆಟ್ ಸೆಟ್ಟಿನ ಜೊತೆ ಬಾವಿ ಸೀಲ್ ಬರುತ್ತಾ? ಕವರ್ ಬೋಲ್ಟ್ ಎಷ್ಟು ಬಿಗಿ ಮಾಡಬೇಕು?

ಗುಬ್ಬಿ_ಗೇಟ್‌ವಾಲ್ವ್

ಕೆಲವು ಎಂಜಿನ್ನಲ್ಲಿ ಸೆಟ್ಟಿನಲ್ಲೇ ಬರುತ್ತೆ, ಕೆಲವದರಲ್ಲಿ ಬಿಡಿಯಾಗಿ ತಗೋಬೇಕು. ಕೊಳ್ಳುವಾಗ ಪೊಟ್ಟಣ ಬಿಚ್ಚಿ ದುಂಡು ಸೀಲ್ ನಾಲ್ಕಿವೆಯಾ ಎಣಿಸಿ. ಮೂರನೇದು ಹೋಗಿದೆ ಅಂದ್ರೆ ಉಳಿದ ಮೂರಕ್ಕೂ ಅದೇ ವಯಸ್ಸು, ನಾಲ್ಕೂ ಬದಲಾಯಿಸಿ. ಕವರ್ ಬೋಲ್ಟ್ 6 ಮಿ.ಮೀ. ಇದ್ದೀತು, ಅದಕ್ಕೆ 8ರಿಂದ 10 ನ್ಯೂಟನ್ ಮೀಟರ್ ಅಂದ್ರೆ ಮಣಿಕಟ್ಟಿನ ಬಲ ಅಷ್ಟೇ, ತೋಳಿನದಲ್ಲ. ನಡುವಿನಿಂದ ಶುರು ಮಾಡಿ ಅಂಚಿಗೆ ಹೋಗಿ, ಎರಡು ಸುತ್ತಿನಲ್ಲಿ. ಟೈಮಿಂಗ್ ಕವರ್ ಹೆಡ್ಡಿಗೆ ಸೇರೋ ಎರಡು ಮೂಲೆಯಲ್ಲಿ ಹಳೇ ಸಿಲಿಕೋನ್ ಅಂಟು ಕೆರೆದು, ಕಡಲೆಕಾಳಿನಷ್ಟು ಹೊಸದು ಇಡಿ. ಅದು ಹಿಡಿಯೋಕೆ ರಾತ್ರಿಯೆಲ್ಲಾ ಬಿಟ್ಟು ಬೆಳಿಗ್ಗೆ ಸ್ಟಾರ್ಟ್ ಮಾಡಿ. ಹೊಸ ಬೂಟ್ ಬರೋವರೆಗೆ ಆ ಕಾಯಿಲ್ ಹಾಕಿ ಏರು ಹತ್ತಿಸಬೇಡಿ.